ಬಾಯಲ್ಲಿ ಕವಳ, ಎದುರಿಗೆ ವಾಲಿ

ನಮ್ಮ ಪೇಟೆಯ ಕ್ಷೌರದಂಗಡಿಯಲ್ಲಿ ಕನ್ನಡಿಯ ಮೇಲೊಂದು ಹೊಸ ಬೋರ್ಡು ಬಂದಿದೆ: ‘ಇಲ್ಲಿ ರಾಜಕೀಯ ಮಾತನಾಡಬಾರದು.’ ಅದರ ಪಕ್ಕದಲ್ಲೇ ಮೂರು ಪಕ್ಷಗಳ ಮೂರು ಕ್ಯಾಲೆಂಡರುಗಳು ಫ್ಯಾನಿನ ಗಾಳಿಗೆ ಒಂದನ್ನೊಂದು ತಾಗುತ್ತ ನೇತಾಡುತ್ತಿವೆ. ಬೋರ್ಡು ನೋಡಿದಾಗ ಕತ್ತಿ ಅವನ ಕೈಯಲ್ಲಿತ್ತು, ಕುತ್ತಿಗೆ ನನ್ನದಾಗಿತ್ತು. ಹಾಗಾಗಿ ತಕರಾರು ಎತ್ತಲಿಲ್ಲ. ಸಿಟ್ಟು ಬಂದದ್ದು ಮನೆಗೆ ಬಂದು ಸ್ನಾನ ಮಾಡಿದ ಮೇಲೆ. ಸಾಲ ಕೇಳಬಾರದು ಅಂತ ಬರೆಸಲಿ, ತಲೆಗೆ ಪುಕ್ಕಟೆ ಎಣ್ಣೆ ಕೇಳಬಾರದು ಅಂತ ಬರೆಸಲಿ, ಒಪ್ಪುತ್ತೇನೆ. ಒಂದೂರಿನ ನಾಲ್ಕು ಜನ ಕಾಯುತ್ತ ಕೂತ ಜಾಗದಲ್ಲಿ ರಾಜಕೀಯ ಬೇಡವೆಂದರೆ ಮತ್ತೆ ಎಲ್ಲಿ ಮಾತಾಡಬೇಕು?

ಈ ಸಿಟ್ಟಿನಲ್ಲಿ ನನ್ನ ಸ್ವಾರ್ಥವೂ ಇದೆ. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಗುಲಾಬಿಯ ಹುಚ್ಚು. ನನಗೆ ಒಬ್ಬರ ಮುಖ ಒಬ್ಬರು ನೋಡದವರನ್ನು ಒಂದೇ ಚಾಪೆಯ ಮೇಲೆ ಕೂರಿಸುವ ಹುಚ್ಚು. ಸಾಗರದಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುತ್ತೇವೆ. ಕೇಸರಿ ಶಾಲಿನವರು ಬರುತ್ತಾರೆ, ಹಸಿರು ಶಾಲಿನವರು ಬರುತ್ತಾರೆ, ಗೆದ್ದ ಪಕ್ಷ ಯಾವುದೆಂದು ನೋಡಿಕೊಂಡು ಶಾಲು ಬದಲಿಸುವವರೂ ಬರುತ್ತಾರೆ. ಯಾವ ಶಾಲೂ ಇಲ್ಲದೆ ಚಳಿಯಲ್ಲಿ ನಡುಗುವವನೆಂದರೆ ನಾನೊಬ್ಬನೇ ಇರಬೇಕು. ಫೋನು ಒಳಗಿಡಿಸಬೇಕು, ಅಧ್ಯಕ್ಷರು-ಮುಖ್ಯ ಅತಿಥಿ ಎಂಬ ತಾಪತ್ರಯ ಇರಬಾರದು, ಮತದಾನದ ಹಿಂದಿನ ವಾರ ಕರೆಯಲೇಬಾರದು ಎಂಬುದೆಲ್ಲ ಈ ಕಸುಬಿನ ಅಆಇಈ. ಅದನ್ನು ಇಲ್ಲಿ ಬರೆಯಬೇಕಿಲ್ಲ.

ಬರೆಯಬೇಕಾದದ್ದು ಕವಳದ, ಅಂದರೆ ಎಲೆ-ಅಡಿಕೆಯ, ತಟ್ಟೆಯ ಬಗ್ಗೆ. ಇಂಥ ಕೂಟ ನಡೆಸುವ ಎಷ್ಟೋ ಜನಕ್ಕೆ ಅದರ ಮಹಿಮೆ ತಿಳಿದಿಲ್ಲ. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ಎಳೆದು, ಉಗುರಿನ ತುದಿಯಲ್ಲಿ ಸುಣ್ಣ ಹಚ್ಚಿ, ಹೋಳು ಆರಿಸಿ ಮಡಚುವಷ್ಟರಲ್ಲಿ ಎಂಥವರ ಕೈಯೂ ಬೆರಳು ತೋರಿಸುವ ಚಾಳಿ ಮರೆಯುತ್ತದೆ. ಬಾಯಿಗೆ ಹೋದ ಮೇಲಂತೂ ಮುಂದಿನ ಏಳೆಂಟು ನಿಮಿಷ ಆತ ಅಪ್ಪಟ ಕೇಳುಗ. ನಡುವೆ ಬಾಯಿ ಹಾಕುವ ಹಾಗಿಲ್ಲ, ಹಾಕಿದರೆ ಎದುರಿನವರ ಬಿಳಿ ಅಂಗಿ ಹಾಳು. ಯಾರಾದರೂ ಮೂರನೇ ಸಲ ಬೇರೆಯವರ ಮಾತು ಕತ್ತರಿಸಿದರೋ, ನಾನು ಏನೂ ಹೇಳದೆ ತಟ್ಟೆಯನ್ನು ಅವರ ಮುಂದೆ ಸರಿಸುತ್ತೇನೆ. ‘ತಗಳಿ ಭಾವ, ಎಲೆ ಚೊಲೋ ಇದ್ದು’ ಎಂದರೆ ಮಲೆನಾಡಿನಲ್ಲಿ ಒಲ್ಲೆ ಎನ್ನುವ ಗಂಡಸು ಇನ್ನೂ ಹುಟ್ಟಬೇಕು.

ಆದರೆ ನಿಜವಾದ ಜಾಣತನ ಇರುವುದು ಉಗುಳುವುದರಲ್ಲಿ. ಉತ್ತರ ಕೊಡಲೇಬೇಕೆಂದು ತುಟಿ ಬಿಗಿದುಕೊಂಡವರು ಎದ್ದು ಅಂಗಳ ದಾಟಿ ದಾಸವಾಳದ ಬೇಲಿಯ ತನಕ ಹೋಗಬೇಕು. ಹೋಗಲು ಹದಿನೈದಿಪ್ಪತ್ತು ಹೆಜ್ಜೆ, ಬರಲು ಅಷ್ಟೇ. ‘ಇವನಿಗೆ ಇವತ್ತು ಸರಿಯಾಗಿ ಕೊಡ್ತೇನೆ’ ಎಂದು ಹೊರಟವರು ವಾಪಸು ಬರುವಾಗ ‘ಅದೆಲ್ಲ ಸರಿ ಮಾರಾಯ, ಆದರೆ ಒಂದು ಮಾತು’ ಎನ್ನುತ್ತ ಬರುತ್ತಾರೆ. ಪಕ್ಕದ ಊರಿನಲ್ಲಿ ನನ್ನ ಹಾಗೇ ಕೂಟ ನಡೆಸುವ ಗೆಳೆಯರೊಬ್ಬರಿದ್ದಾರೆ. ನಮ್ಮಲ್ಲಿಗೆ ಬಂದು ಎಲ್ಲ ನೋಡಿಕೊಂಡು ಹೋಗಿ, ಅನುಕೂಲವಾಗಲಿ ಅಂತ ಪ್ರತಿಯೊಬ್ಬರ ಪಕ್ಕಕ್ಕೂ ಒಂದೊಂದು ಪೀಕದಾನಿ ಇಟ್ಟರು! ಅವರ ಕೂಟ ಮೊದಲ ದಿನವೇ ಜಗಳದಲ್ಲಿ ಮುಗಿಯಿತೆಂದು ಕೇಳಿ ನನಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಕೂತಲ್ಲೇ ಉಗುಳಿ ಕೂತಲ್ಲೇ ಮಾತಾಡುವುದಾದರೆ ಟೀವಿ ಸಾಕಲ್ಲ. (ತಂಬಾಕು ನನ್ನ ತಟ್ಟೆಯಲ್ಲಿ ಇರುವುದಿಲ್ಲ. ಕವಳ ಹಾಕದ ಈಗಿನ ಹುಡುಗರಿಗೆ ಕಂಠಮಟ್ಟ ತುಂಬಿದ ಬಿಸಿ ಕಷಾಯದ ಲೋಟ. ಚೆಲ್ಲದ ಹಾಗೆ ಹಿಡಿದುಕೊಂಡವರೂ ಕೂಗಾಡಲಾರರು.)

ಕವಳ ಬಾಯಿ ಮುಚ್ಚಿಸುತ್ತದೆ, ಸರಿ. ಬಾಯಿ ತೆರೆದಾಗ ಏನು ಬರಬೇಕು? ಅದನ್ನು ನಾನು ಕದ್ದದ್ದು ತಾಳಮದ್ದಳೆಯಿಂದ. ಮಳೆಗಾಲದಲ್ಲಿ ಬಯಲಾಟದ ಗೆಜ್ಜೆ ಒಳಗೆ ಸೇರಿದ ಮೇಲೆ, ವೇಷವಿಲ್ಲದೆ ಕುಣಿತವಿಲ್ಲದೆ ಎದುರುಬದುರು ಕೂತು ರಾತ್ರಿ ಪೂರ್ತಿ ವಾದ ಮಾಡುವ ಕಲೆ ನಮ್ಮಲ್ಲಿ ಇದೆಯಲ್ಲ! ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದರ ಸುದ್ದಿ ಎತ್ತಿದರೆ ಎದ್ದು ಕೂರುತ್ತಾರೆ. ಮರದ ಮರೆಯಿಂದ ಬಾಣ ಬಿಟ್ಟೆಯಲ್ಲ, ನಿನಗೂ ನನಗೂ ಏನು ವೈರ, ನಿನ್ನ ಅಯೋಧ್ಯೆಗೂ ನನ್ನ ಕಿಷ್ಕಿಂಧೆಗೂ ಯಾವ ಗಡಿ ತಕರಾರು ಎಂದು ವಾಲಿ ಕೇಳುತ್ತ ಹೋದರೆ, ಮನೆಯಲ್ಲಿ ದಿನಾ ರಾಮನಾಮ ಬರೆಯುವ ಮುದುಕರೂ ರಾಮ ಏನು ಹೇಳಿ ಪಾರಾಗುತ್ತಾನಪ್ಪ ಎಂದು ಚಡಪಡಿಸಬೇಕು. ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಪ್ರಸಂಗದಲ್ಲಿ ಬರೆದದ್ದು ಬದಲಾಗುವುದಿಲ್ಲ. ಆದರೂ ಬೆಳಗಿನ ತನಕ ಕೂರುತ್ತಾರೆ, ಏಕೆಂದರೆ ಸೋಲುವವನ ವಾದ ಎಷ್ಟು ದೂರ ಹೋಗಬಲ್ಲದು ಎಂಬುದೇ ಅಲ್ಲಿನ ಸುಖ. ಇವತ್ತು ವಾಲಿಯಾದ ಅರ್ಥಧಾರಿ ನಾಳೆ ಇನ್ನೊಂದೂರಿನಲ್ಲಿ ರಾಮನಾಗಿ, ತನ್ನದೇ ನಿನ್ನೆಯ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದೀತು.

ನಮ್ಮ ಕೂಟದ ಕಟ್ಟಳೆಯೂ ಇದೇ. ನಿಮ್ಮ ವಾದ ಆಮೇಲೆ. ಮೊದಲು ಎದುರಿನವರ ಪಾತ್ರದಲ್ಲಿ ಕೂತು ಅವರ ಅರ್ಥ ಹೇಳಿ. ‘ಹೌದು, ನಾನು ಹೇಳಬೇಕೆಂದಿದ್ದು ಇದೇ’ ಎಂದು ಅವರ ಬಾಯಿಂದಲೇ ಬರುವ ತನಕ ಹೇಳಿ. ಅಣಕ ಮಾಡಿದರೆ ಮತ್ತೆ ಮೊದಲಿಂದ.

ಒಮ್ಮೆ ಪಶ್ಚಿಮಘಟ್ಟದ ಕಸ್ತೂರಿರಂಗನ್ ವರದಿ ಹಿಡಿದಿದ್ದೆವು. 2013ರ ಆ ವರದಿಯ ಹೆಸರೆತ್ತಿದರೆ ನಮ್ಮ ಕಡೆ ಮದುವೆಮನೆಯ ಪಂಕ್ತಿಯೇ ಎರಡಾಗುತ್ತದೆ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶವೆಂದು ಅದು ಗುರುತಿಸಿತು. ಕೇಂದ್ರದ ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದವು, 2024ರಲ್ಲಿ ಆರನೆಯದು. ಅದೇ ವರ್ಷ ರಾಜ್ಯ ಸಚಿವ ಸಂಪುಟ ವರದಿಯೇ ಬೇಡವೆಂದಿತು. ವರದಿಯನ್ನು ಸುಡಬೇಕೆನ್ನುವ ಹಿರಿಯ ಬೆಳೆಗಾರರೊಬ್ಬರಿಗೆ ಅದರ ಪರ ಅರ್ಥ ಹೇಳಲು ಕೊಟ್ಟೆ. ಜೀವಶಾಸ್ತ್ರ ಓದಿದ, ವರದಿ ಜಾರಿಯಾಗಲೇಬೇಕೆನ್ನುವ ಹುಡುಗಿಗೆ ಬೆಳೆಗಾರರ ಅರ್ಥ. ತಾಳಮದ್ದಳೆಯಲ್ಲಿ ಪ್ರಸಂಗದ ಪದ ಇರುವ ಹಾಗೆ ಇಲ್ಲಿಯೂ ಒಂದು ಕಾಗದ ಬೇಕು, ಅದನ್ನು ತರಿಸಿಡುವುದು ನನ್ನ ಕೆಲಸ. ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡ: ಬೇಡವೆಂದ ಪಟ್ಟಿ ಓದಿದಾಗ ಬೆಳೆಗಾರರು ಕನ್ನಡಕ ತೆಗೆದು ಒರೆಸಿ, ‘ಇದರಲ್ಲಿ ಅಡಿಕೆ ತೋಟ ಎಲ್ಲಿ ಬಂತು?’ ಎಂದರು. ಆಮೇಲೆ ಬೇಸಿಗೆಯಲ್ಲಿ ಬತ್ತುವ ತಮ್ಮ ಹಳ್ಳದ ಬಗ್ಗೆ, ಬೋಳಾದ ಸೊಪ್ಪಿನ ಬೆಟ್ಟದ ಬಗ್ಗೆ ಅವರು ಹೇಳಿದ ಅರ್ಥವನ್ನು ಯಾವ ಪರಿಸರವಾದಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಹುಡುಗಿಯೇನು ಕಡಿಮೆಯೇ? ‘ಕಾಗದದಲ್ಲಿ ತೋಟ ಇಲ್ಲ ಅಂತೀರಿ, ಆದರೆ ಕಾಗದ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬರುವವನು ಫಾರೆಸ್ಟಿನವನು. ಅವನು ಎಂದಾದರೂ ಕಾಗದದಲ್ಲಿ ಇದ್ದಷ್ಟೇ ಮಾತಾಡಿದ್ದಾನಾ?’ ಎಂದಳು. ಬೆಳೆಗಾರರು ತೊಡೆ ತಟ್ಟಿ, ‘ಅದೇ ತಂಗಿ, ಅದೇ!’ ಎಂದರು. ಇಬ್ಬರೂ ತಮ್ಮ ಅಭಿಪ್ರಾಯವನ್ನು ಒಂದಿಂಚೂ ಬದಲಿಸಿಕೊಳ್ಳದೆ ಮನೆಗೆ ಹೋದರು. ನನಗೆ ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಇಲ್ಲಿ ಕರೆದವನ ಕೆಲಸ ತಾಳಮದ್ದಳೆಯಲ್ಲಿ ಪದ ಹಾಡುವ ಭಾಗವತನದ್ದು. ಮಾತು ಒಂದೇ ಕಡೆ ಗಾಣ ಸುತ್ತತೊಡಗಿದರೆ ತಾಳ ಕುಟ್ಟಿ ಮುಂದಿನ ಪದ ಎತ್ತಬೇಕು, ಅಷ್ಟೇ. ಎಷ್ಟು ದೊಡ್ಡ ಅರ್ಥಧಾರಿಯಾದರೂ ಪದ ಶುರುವಾದರೆ ನಿಲ್ಲಿಸಲೇಬೇಕು. ಭಾಗವತ ಯಾರ ಪಕ್ಷ ಎಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಆದರೆ ಯಾರಿಗೆ ಎಷ್ಟು ಹೊತ್ತು ಬಿಟ್ಟುಕೊಟ್ಟ ಎಂಬುದನ್ನು ಹಿಂದಿನ ಸಾಲಿನವರೂ ಲೆಕ್ಕ ಇಟ್ಟಿರುತ್ತಾರೆ.

ಈಗ ಸಮನ್ವಯದವರ ವಿಷಯ. ನಗರದಿಂದ ತರಬೇತಿ ಕೊಡಲು ಬಂದಿದ್ದವರೊಬ್ಬರು ನಮಗೆಲ್ಲ ಬಣ್ಣದ ಚೀಟಿ ಹಂಚಿ, ‘ಪಕ್ಷದ ಹೆಸರು, ಜಾತಿಯ ಹೆಸರು ಎತ್ತದೆ ನಿಮ್ಮ ಭಾವನೆಯನ್ನು ಮಾತ್ರ ಬರೆಯಿರಿ’ ಎಂದರು. ನಮ್ಮ ಕೂಟದಲ್ಲೊಬ್ಬರು ಶರಾವತಿ ಮುಳುಗಡೆಯ ಕುಟುಂಬದವರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ರಾಜ್ಯಕ್ಕೆಲ್ಲ ದೀಪ ಹತ್ತಿತು. ಕೂತ ಜಾಗದ ಹಕ್ಕುಪತ್ರಕ್ಕೆ ಇವರ ಮನೆಯ ಮೂರನೇ ತಲೆಮಾರು ಈಗಲೂ ಕಚೇರಿ ಅಲೆಯುತ್ತಿದೆ. ಅವರು ಚೀಟಿಯನ್ನು ಖಾಲಿಯೇ ವಾಪಸು ಕೊಟ್ಟರು. ಅವರಿಗೆ ಇರುವುದು ಭಾವನೆಯಲ್ಲ, ಸರ್ವೆ ನಂಬರು. ಆ ಸರ್ವೆ ನಂಬರಿನ ಬಗ್ಗೆ ಯಾವ ಸರ್ಕಾರ ಏನು ಹೇಳಿತು, ಯಾವ ಶಾಸಕ ಯಾವಾಗ ಮಾತು ತಪ್ಪಿದ ಎಂದು ಹೆಸರು ಹಿಡಿದು ಹೇಳುವುದೇ ಅವರ ಮಾತು. ಅದನ್ನು ಬಿಟ್ಟು ಮಾತಾಡಿ ಎಂದರೆ ಬಾಯಿ ಮುಚ್ಚಿ ಎಂದೇ ಲೆಕ್ಕ. ಕೊನೆಗೆ ಎಲ್ಲರೂ ಕೈ ಕೈ ಹಿಡಿದು ನಿಂತು, ‘ನಾವೆಲ್ಲ ಒಂದೇ’ ಎಂದು ಫೋಟೋ. ಒಂದೇ ಆಗಿದ್ದರೆ ಸೇರುವ ತಾಪತ್ರಯ ಯಾಕೆ ಬೇಕಿತ್ತು? ಜಗಳ ಆಡಿದವರಿಗಿಂತ, ಜಗಳವೇ ಇಲ್ಲವೆಂದು ಸಹಿ ಹಾಕಿಸಿಕೊಳ್ಳಲು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉಳ್ಳವರಿಗೆ ರಾಜಕೀಯ ಒಂದು ಅಭಿರುಚಿ, ಬೇಕಾದಾಗ ಕಳಚಿಡಬಹುದು. ಇಲ್ಲದವರು ಅದನ್ನು ಕಳಚಿಟ್ಟರೆ ಉಳಿಯುವುದು ಏನು?

ಇದೇ ಕಾರಣಕ್ಕೆ ನಾನು ಯಾರನ್ನೂ ಜಗಲಿಯ ಮೇಲೆ ಕೂರಿಸುವುದಿಲ್ಲ. ನಮ್ಮ ಸೀಮೆಯ ಜಗಲಿಗೆ ಒಳ್ಳೆಯ ಹೆಸರಿದೆ, ಅದರ ಬಗ್ಗೆ ಕಣ್ಣು ತುಂಬಿಕೊಂಡು ಬರೆಯುವವರೂ ಇದ್ದಾರೆ. ಯಾರು ಜಗಲಿಯ ಮೇಲೆ ಕೂತರು, ಯಾರು ಅಂಗಳದಲ್ಲೇ ನಿಂತರು, ಹೆಂಗಸರು ಯಾವ ಬಾಗಿಲ ಸಂದಿಯಿಂದ ಕೇಳಿಸಿಕೊಂಡರು ಎಂಬುದನ್ನು ಅವರು ಬರೆಯುವುದಿಲ್ಲ. ಇಲ್ಲೇ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಜಗಳದಿಂದ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. 1974ರ ಭೂಸುಧಾರಣೆ ತಿದ್ದುಪಡಿಯ ಹಿಂದೆ ಆ ಕೊಳಗದ ಸದ್ದು ಇದೆ. ಆ ಸದ್ದನ್ನು ಎರಡು ಕಿವಿಗಳಲ್ಲಿ ಎರಡು ಬಗೆಯಾಗಿ ಕೇಳಿಸಿಕೊಂಡ ಮನೆಗಳು ಇವತ್ತಿಗೂ ಅಕ್ಕಪಕ್ಕದಲ್ಲೇ ಇವೆ. ಅವರನ್ನು ಕರೆದು ಒಬ್ಬರನ್ನು ಎರಡು ಮೆಟ್ಟಿಲು ಮೇಲೆ ಕೂರಿಸಿದರೆ ಕೂಟ ಅಲ್ಲಿಗೇ ಮುಗಿಯಿತು. ಅಂಗಳದಲ್ಲಿ, ಅಡಿಕೆ ಚಪ್ಪರದ ಕೆಳಗೆ, ಒಂದೇ ಮಟ್ಟದಲ್ಲಿ ಚಾಪೆ. ನಾನೂ ಅಲ್ಲೇ.

ಎಲ್ಲಕ್ಕಿಂತ ಒಳ್ಳೆಯ ಮಾತು ಹುಟ್ಟುವುದು ಮಾತ್ರ ನಾನು ಕರೆದ ಕೂಟದಲ್ಲಲ್ಲ, ಅಡಿಕೆ ಸುಲಿಯುವ ರಾತ್ರಿ. ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತ ಹತ್ತು ಜನ, ಅದರಲ್ಲಿ ಹೆಚ್ಚಿನವರು ಹೆಂಗಸರು. ಕಣ್ಣು ಕತ್ತಿಯ ಮೇಲಿರಬೇಕು, ಇಲ್ಲವೆಂದರೆ ಬೆರಳು ಹೋಯಿತು. ಹಾಗಾಗಿ ಯಾರೂ ಯಾರ ಮುಖವನ್ನೂ ದುರುಗುಟ್ಟಿ ನೋಡುವಂತಿಲ್ಲ. ಪ್ರತಿಯೊಬ್ಬರ ಮುಂದೆಯೂ ಹರಿತವಾದ ಆಯುಧ ಇದ್ದು ಒಂದು ಹೊಯ್‌ಕೈ ಆಗದ ರಾಜಕೀಯ ಚರ್ಚೆಯನ್ನು ನಾನು ಕೇಳಿದ್ದು ಅಲ್ಲಿ ಮಾತ್ರ. ಗ್ಯಾರಂಟಿ ದುಡ್ಡು ಯಾರ ಖಾತೆಗೆ ಬಂತು, ಅದನ್ನು ಯಾರು ಕಸಿದುಕೊಂಡರು, ಗಂಡ ಒಂದು ಪಕ್ಷವಾದರೆ ತಾನು ಯಾಕೆ ಇನ್ನೊಂದಕ್ಕೆ ಒತ್ತಿ ಬಂದೆ: ಕೂಟದಲ್ಲಿ ‘ನಮಗೇನು ಗೊತ್ತಾಗ್ತದೆ ಅಣ್ಣ’ ಎನ್ನುವವರು ಅಲ್ಲಿ ಸಿಪ್ಪೆಯ ಜೊತೆ ಇದನ್ನೆಲ್ಲ ಸುಲಿದು ಹಾಕುತ್ತಾರೆ. ಈಗ ಸುಲಿಯುವ ಯಂತ್ರ ಬಂದಿದೆ. ಮಗ ತರಿಸೋಣ ಎನ್ನುತ್ತಾನೆ. ಜನ ಸಿಗುವುದಿಲ್ಲ, ಅವನ ಮಾತು ಸರಿ. ಅದರ ಗಡಗಡ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ನನ್ನ ಮಾತೂ ಸರಿ. ಮನೆಯಲ್ಲಿ ಈ ಚರ್ಚೆ ಇನ್ನೂ ನಡೆದಿದೆ. ಯಂತ್ರದ ಪರ ಅರ್ಥ ಹೇಳುವ ಸರದಿ ನನ್ನದಂತೆ.

ಮುಂದಿನ ತಿಂಗಳಿಗೆ ಶರಾವತಿ ಪಂಪ್ಡ್ ಸ್ಟೋರೇಜ್ ಇಟ್ಟಿದ್ದೇನೆ. ತಳಕಳಲೆಯಿಂದ ಗೇರುಸೊಪ್ಪೆಗೆ ನೀರು ಇಳಿಸಿ, ಮತ್ತೆ ಮೇಲಕ್ಕೆತ್ತಿ, 2,000 ಮೆಗಾವ್ಯಾಟ್ ತೆಗೆಯುವ ಯೋಜನೆ. ನಡುವೆ ಇರುವುದು ಸಿಂಗಳೀಕದ ಕಾಡು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರೊಬ್ಬರಿಗೆ ಸಿಂಗಳೀಕದ ಅರ್ಥ ಹೇಳಿ ಎಂದಿದ್ದೆ. ‘ಮಂಗನ ವೇಷ ಹಾಕಿಸ್ತೀಯಾ?’ ಎಂದು ಬೈದು, ಮರುದಿನ ತಾವೇ ಫೋನು ಮಾಡಿ ಯೋಜನೆಯ ಕಾಗದ, ಕಾಡಿನ ನಕ್ಷೆ ಎರಡನ್ನೂ ಕೇಳಿದರು. ಕಳಿಸಿದ್ದೇನೆ. ಯೋಜನೆಯ ಪರ ಅರ್ಥ ಹೇಳಬೇಕಾದ ಹೋರಾಟದ ಹುಡುಗ ಮಾತ್ರ ಇನ್ನೂ ಒಪ್ಪಿಲ್ಲ. ಮೆಗಾವ್ಯಾಟಿನ ಪರ ಒಂದು ಮಾತಾಡಿದರೂ ಗೆಳೆಯರು ವಾಟ್ಸಾಪ್ ಗುಂಪಿನಿಂದ ತೆಗೆದುಹಾಕುತ್ತಾರೆ ಎಂಬ ಹೆದರಿಕೆ ಅವನಿಗೆ. ಅವರನ್ನೂ ಕರೆದುಕೊಂಡೇ ಬಾ ಎಂದಿದ್ದೇನೆ. ಅಷ್ಟೂ ಜನ ಬಂದರೆ ಚಾಪೆ ಸಾಲುವುದಿಲ್ಲ, ಪಕ್ಕದ ಮನೆಯಲ್ಲಿ ಕೇಳಬೇಕು. ಆ ಮನೆಯವರೂ ನಾನೂ ಬೇಲಿಯ ವಿಷಯಕ್ಕೆ ಮಾತು ಬಿಟ್ಟು ಎರಡು ಮಳೆಗಾಲವಾಯಿತು.