ನೆಲಹಾಸೂ ನಮ್ಮದೇ

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್ ಕಡೆ ಬಾಡಿಗೆ ಮನೆ ಹುಡುಕುವ ನಮ್ಮವರು ಕಾಲಡಿಯನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಪೀಠೋಪಕರಣ ಇಲ್ಲದ ಮನೆ ಅಂದರೆ ಎಷ್ಟೋ ಸಲ ನೆಲಹಾಸೂ ಇರಲ್ಲ, ಬರೀ ಸಿಮೆಂಟು. ಹಿಂದಿದ್ದವರು ಲ್ಯಾಮಿನೇಟ್ ಹಲಗೆ, ಕರ್ಟನ್ ರಾಡ್, ದೀಪ ಎಲ್ಲ ಕಿತ್ತುಕೊಂಡು ಹೋಗಿರ್ತಾರೆ. ಸೀಲಿಂಗ್‌ನಿಂದ ಎರಡು ವೈರು ನೇತಾಡ್ತಿರುತ್ತೆ, ಅಷ್ಟೇ. ‘ನೆಲಹಾಸು ಬಿಟ್ಟು ಹೋಗ್ತೀವಿ, ಕೊಂಡ್ಕೊಳ್ತೀರಾ?’ ಅಂತ ಕೇಳಿದರೆ ಚೌಕಾಸಿ ಮಾಡಿ ತಗೊಳ್ಳಿ. ಹೊಸದು ಹಾಕಿಸೋದು ದುಬಾರಿ.

ಅಡ್ವಾನ್ಸ್ ವಿಷಯದಲ್ಲಿ ಮಾತ್ರ ನೆಮ್ಮದಿ. 2023ರ ಜುಲೈ 1ರಿಂದೀಚೆಗಿನ ಕರಾರಿಗೆ ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳದ್ದು ಎಣಿಸಿ ಕೊಟ್ಟವರು ನಂಬೋದೇ ಇಲ್ಲ! 2024ರ ಜುಲೈನಿಂದ ಮಧ್ಯಮ ದರ್ಜೆಯ ಮನೆಗಳ ಬಾಡಿಗೆಗೂ ಮಿತಿ ಬಂತು: ವಿಸ್ತೀರ್ಣ, ಇಂಧನ ದರ್ಜೆ, ಅಡುಗೆಮನೆ ಎಲ್ಲಕ್ಕೂ ಅಂಕ ಹಾಕಿ ಲೆಕ್ಕ. ಒಳ್ಳೆಯ ಕಾನೂನೇ. ಆದರೆ ಗಿಟ್ಟಲ್ಲ ಅಂತ ಮಾಲೀಕರು ಮನೆ ಮಾರ್ತಿದ್ದಾರೆ, ಹುಡುಕೋರ ಪಾಡು ಹುಡುಕೋರಿಗೆ.

ಸಿಕ್ಕಿತು ಅಂತಿಟ್ಟುಕೊಳ್ಳಿ, ಬೀದಿಯಲ್ಲಿ ಸೈಕಲ್ ಬೆಲ್ ಬಿಟ್ಟರೆ ಸದ್ದಿಲ್ಲ. ಹಳೇ ಸಾಲುಮನೆಯಾದರೆ ಗೋಡೆಯೂ ತೆಳು. ಬೆಳಿಗ್ಗೆ ಆರಕ್ಕೆ ಮಿಕ್ಸಿ ತಿರುಗಿಸೋ ಯೋಚನೆ ಬಿಡಿ, ಚಟ್ನಿ ಹಿಂದಿನ ಸಂಜೆಯೇ ರುಬ್ಬಿಡಿ.