ಒತ್ತಕ್ಷರಕ್ಕೂ ಜಾಗ ಬೇಕು

ಅಪ್ಪ ಧಾರವಾಡ ಬಿಟ್ಟು ಗುಜರಾತಿನ ಮಕರಪುರಾದ ಕಾರ್ಖಾನೆ ಸೇರಿದ್ದರಿಂದ ನಮ್ಮ ಮನೆ ವಡೋದರಾದ ಮಂಜಲ್‌ಪುರದಲ್ಲಿ ನೆಲೆಯಾಯಿತು. 2005ರಲ್ಲಿ ಅಲ್ಲಿಯೇ, ಅಂಗಡಿ ಸಾಲಿನ ಮೇಲಿನ ಒಂದು ಕೋಣೆಯಲ್ಲಿ, ನಾನು ವೆಬ್‌ಸೈಟ್ ಮಾಡುವ ಕೆಲಸಕ್ಕೆ ಕೂತೆ. ಪುಟ ನಿಲ್ಲಿಸಲು ಟೇಬಲ್ ಒಳಗೆ ಟೇಬಲ್ ಹಾಕಬೇಕಿತ್ತು. ಮೂಲೆ ದುಂಡಗಿರುವ ಬಟನ್ ಬೇಕೆಂದರೆ ನಾಲ್ಕು ಮೂಲೆಗೂ ಫೋಟೋಶಾಪ್‌ನಲ್ಲಿ ಚಿತ್ರ ಕತ್ತರಿಸಬೇಕು. ಫೈರ್‌ಫಾಕ್ಸ್‌ನಲ್ಲಿ ನೆಟ್ಟಗಿದ್ದ ಪುಟ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಚೆಲ್ಲಾಪಿಲ್ಲಿ. ಅರ್ಧ ದಿನ ಆ ರಿಪೇರಿಗೇ ಹೋಗುತ್ತಿತ್ತು.

2006ರಲ್ಲಿ ಜಾನ್ ರೆಸಿಗ್ ಅವರ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಂತು. ಬ್ರೌಸರ್‌ಗಳ ಭಿನ್ನತೆಯನ್ನು ಅದೇ ನಿಭಾಯಿಸಿತು. ಅದರ ಕೋಡ್ ಎಲ್ಲರಿಗೂ ತೆರೆದಿತ್ತು. ನಾನು ಜಾವಾಸ್ಕ್ರಿಪ್ಟ್ ಕಲಿತದ್ದು ಅದನ್ನು ಸಾಲು ಸಾಲಾಗಿ ಓದಿ. 2011ರಲ್ಲಿ ಟ್ವಿಟರ್‌ನ ಮಾರ್ಕ್ ಆಟೊ, ಜೇಕಬ್ ಥಾರ್ನ್‌ಟನ್ ಬೂಟ್‌ಸ್ಟ್ರ್ಯಾಪ್ ಕೊಟ್ಟರು. 2013ರಲ್ಲಿ ಫೇಸ್‌ಬುಕ್ ರಿಯಾಕ್ಟ್ ಅನ್ನು ತೆರೆದಿಟ್ಟಿತು. ಪ್ರತಿ ಪುಟವನ್ನೂ ಮೊದಲಿಂದ ಕಟ್ಟುತ್ತಿದ್ದ ನಾವು ಬೇರೆಯವರು ಬರೆದಿಟ್ಟ ಬಟನ್, ಮೆನು, ಕ್ಯಾಲೆಂಡರ್‌ಗಳನ್ನು ತಂದು ಜೋಡಿಸುವವರಾದೆವು. ಎಷ್ಟರ ಮಟ್ಟಿಗೆ ಪರಾವಲಂಬಿಗಳಾಗಿದ್ದೆವು ಎಂಬುದು 2016ರ ಮಾರ್ಚ್‌ನಲ್ಲಿ ತಿಳಿಯಿತು. ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಬರೆದವರೇ ಹಿಂತೆಗೆದುಕೊಂಡಾಗ ಜಗತ್ತಿನೆಲ್ಲೆಡೆ ಬಿಲ್ಡ್, ಅಂದರೆ ಕೋಡ್ ಜೋಡಿಸಿ ಸೈಟ್ ಸಿದ್ಧಪಡಿಸುವ ಕೆಲಸ, ನಿಂತಿತು. ಮಂಜಲ್‌ಪುರದ ನಮ್ಮ ಕೋಣೆಯಲ್ಲೂ ನಿಂತಿತು.

ಆ ಹೊತ್ತಿಗೆ ನಾನೂ ಸಂಜೆಗಳಲ್ಲಿ ಒಂದು ಓಪನ್ ಸೋರ್ಸ್ ಲೈಬ್ರರಿಗೆ ಕೋಡ್ ಬರೆಯುತ್ತಿದ್ದೆ. ಅದರ ಬಟನ್‌ಗಳಲ್ಲಿ ಗುಜರಾತಿ ಚೆನ್ನಾಗಿಯೇ ಕೂತಿತ್ತು. ಆ ಲಿಪಿಯ ಸಂಯುಕ್ತಾಕ್ಷರಗಳು ಬಹುಮಟ್ಟಿಗೆ ಅಕ್ಕಪಕ್ಕ ಸೇರುತ್ತವೆ. ಒಂದು ರಾತ್ರಿ ಕನ್ನಡ ಹಾಕಿ ಅವ್ವನಿಗೆ ತೋರಿಸಿದೆ.

“ಇದೇನಪಾ, ರಾಷ್ಟ್ರದ ಒತ್ತಕ್ಷರ ಎಲ್ಲಿ ಹೋತು?” ಅಂದಳು.

ಬಟನ್‌ಗೆ ಇಂಗ್ಲಿಷ್ ಅಕ್ಷರದ ಅಳತೆಯ ಎತ್ತರ ಕೊಟ್ಟಿದ್ದರು. ಅದಕ್ಕಿಂತ ಕೆಳಗಿಳಿದದ್ದೆಲ್ಲ ಮರೆಯಾಗುತ್ತಿತ್ತು. ‘ಷ್ಟ್ರ’ದಲ್ಲಿ ಎರಡೆರಡು ಒತ್ತುಗಳಿದ್ದವು, ಎರಡೂ ಮಾಯ. ಅಷ್ಟು ವರ್ಷ ಆ ಕೋಡ್ ಬಳಸಿದ್ದ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ.

ಎತ್ತರವನ್ನು ಬಿಗಿ ಮಾಡದೆ ಕನಿಷ್ಠ ಇಷ್ಟಿರಲಿ ಎಂದು ಬದಲಿಸಿ, ಸಾಲುಗಳ ನಡುವಿನ ಅಂತರ ಹಿಗ್ಗಿಸಿ, ಈ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ (ಪುಲ್ ರಿಕ್ವೆಸ್ಟ್) ಕಳಿಸಿದೆ. ಲೈಬ್ರರಿ ನೋಡಿಕೊಳ್ಳುವವರು ಬೇರೆ ದೇಶದವರು, ಕನ್ನಡ ಕಂಡವರಲ್ಲ. ಬದಲಾವಣೆಯ ಹಿಂದಿನ, ಮುಂದಿನ ಚಿತ್ರ ಕಳಿಸಿ, ಒತ್ತು ಬಿಟ್ಟುಹೋದರೆ ಪದವೇ ಬೇರೆಯಾಗುತ್ತದೆಂದು ವಿವರಿಸಿದೆ. ಕೆಲವು ವಾರ ಚರ್ಚೆಯಾಗಿ ಒಪ್ಪಿಕೊಂಡರು. ಬದಲಾದದ್ದು ನಾಲ್ಕೇ ಸಾಲು. ಅಕ್ಷರದಡಿ ಒತ್ತು ಕೊಡುವ ತೆಲುಗಿಗೂ ಅದರಿಂದ ಅನುಕೂಲವಾಯಿತು.

ನನ್ನ ವೃತ್ತಿಯಲ್ಲಿ ನನಗೆ ಹೆಮ್ಮೆಯೆನಿಸುವುದು ಈ ನಾಲ್ಕು ಸಾಲು. ಲೈಬ್ರರಿಯಲ್ಲಿ ತಪ್ಪಿದ್ದರೆ ಅದನ್ನು ಬಳಸುವ ಪ್ರತಿ ಪುಟದಲ್ಲೂ ತಪ್ಪುತ್ತದೆ; ಅಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಆದರೆ ಕನ್ನಡದ ತೊಂದರೆ ಕನ್ನಡ ಓದುವವರಿಗೇ ಕಾಣಬೇಕು. ಈ ಕೆಲಸಕ್ಕೆ ಬರುವ ಕನ್ನಡದ ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟೆ: ನೀವು ಮಾಡುವ ಪ್ರತಿ ಬಟನ್‌ನಲ್ಲೂ ಒಮ್ಮೆ ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದು ನೋಡಿ. ಒತ್ತು ಕಾಣದಿದ್ದರೆ ಸುಮ್ಮನಿರಬೇಡಿ, ತಿದ್ದಿ ಕಳಿಸಿ.