ಕೊಲೆ ನೆಪಕ್ಕೆ, ಕಾಫಿ ಮುಖ್ಯ

ನನಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಆದರೂ ರಾತ್ರಿ ಊಟವಾದ ಮೇಲೆ ಟೀವಿಯಲ್ಲಿ ಒಂದು ಕೊಲೆ ನೋಡದಿದ್ದರೆ ನಿದ್ದೆ ಹತ್ತುವುದಿಲ್ಲ. ಷರತ್ತುಗಳಿವೆ: ಸತ್ತವನಿಗಾಗಿ ಯಾರೂ ಹೆಚ್ಚು ಅಳಬಾರದು, ಪತ್ತೆ ಹಚ್ಚುವವರಿಗೆ ಖಾಕಿಯ ಗಂಧವೇ ಇರಬಾರದು, ನಡುನಡುವೆ ಯಾರಾದರೂ ಕಾಫಿ ಕೊಡುತ್ತಿರಬೇಕು.

ಚಟ ಹತ್ತಿಸಿದ್ದು 1985ರ ದೂರದರ್ಶನದ ‘ಕರಮ್‌ಚಂದ್’. ಅವನದು ಪತ್ತೇದಾರಿಕೆಯೇ ಕಸುಬು, ನಿಜ. ಆದರೆ ಪಂಕಜ್ ಕಪೂರ್ ಕರಕರ ಕ್ಯಾರೆಟ್ ಕಡಿಯುವುದನ್ನು ನೋಡಿದರೆ ಹಾಗನ್ನಿಸುತ್ತಿರಲಿಲ್ಲ. ಅವನ ಸಹಾಯಕಿ, ಸುಶ್ಮಿತಾ ಮುಖರ್ಜಿಯ ಕಿಟ್ಟಿ, ಏನೋ ಕೇಳಲು ಹೋಗಿ ಬೈಸಿಕೊಳ್ಳುತ್ತಿದ್ದಳು. ಕೊಲೆಗಾರರೆಲ್ಲ ಮರೆತುಹೋಗಿದ್ದಾರೆ, ಕ್ಯಾರೆಟ್ ಮರೆತಿಲ್ಲ.

ಆಮೇಲೆ ಸಿಕ್ಕವಳು ಅಮೆರಿಕದ ಟೀವಿ ಧಾರಾವಾಹಿ ‘ಮರ್ಡರ್, ಶಿ ರೋಟ್’ನ ಜೆಸ್ಸಿಕಾ ಫ್ಲೆಚರ್. ಏಂಜೆಲಾ ಲ್ಯಾನ್ಸ್‌ಬರಿ 1984ರಿಂದ 1996ರವರೆಗೆ ಆಡಿದ ಪಾತ್ರ. ನಿವೃತ್ತ ಟೀಚರ್, ಕಾದಂಬರಿ ಬರೆಯುವವಳು. ಆಕೆ ಊಟಕ್ಕೆ ಹೋದ ಮನೆಯಲ್ಲೆಲ್ಲ ಒಂದು ಹೆಣ! ಆದರೂ ಜನ ಕರೆಯುವುದನ್ನು ಬಿಡುವುದಿಲ್ಲ. ನಮ್ಮ ಕಡೆಯಾಗಿದ್ದರೆ ಎರಡನೇ ಸಲಕ್ಕೇ ಶಾಂತಿ ಮಾಡಿಸಿರುತ್ತಿದ್ದರು.

ಇಂಥ ಹೆಂಗಸಿಗೆ ಬೇಕಾದ ವಿದ್ಯೆ ನಮ್ಮ ಬೆಂಗಳೂರಿನ ಲಿಂಗರಾಜಪುರ, ಕಾಕ್ಸ್ ಟೌನಿನ ಗಲ್ಲಿಗಳಲ್ಲಿ ಧಾರಾಳವಾಗಿದೆ. ಯಾರ ಮನೆ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಹತ್ತು ಗಂಟೆಯಾದರೂ ಹಾಗೇ ಇದೆ, ಯಾರ ಮಗ ನಡುರಾತ್ರಿ ಆಟೋದಲ್ಲಿ ಬಂದಿಳಿದ, ಎಲ್ಲಕ್ಕೂ ಗೇಟಿನ ಬಳಿ ನಿಂತ ಆಂಟಿಯ ಹತ್ತಿರ ಲೆಕ್ಕವಿದೆ. ಕನ್ನಡ, ತಮಿಳು, ಉರ್ದು, ಇಂಗ್ಲಿಷು, ಯಾವುದರಲ್ಲಿ ಬೇಕಾದರೂ ವಿಚಾರಣೆ ನಡೆಸಬಲ್ಲಳು. ಪೊಲೀಸರ ಮುಂದೆ ಬಾಯಿ ಬಿಡದವರೂ ಇವಳ ಮುಂದೆ ಹೆಚ್ಚಿಗೇ ಹೇಳಿಬಿಡುತ್ತಾರೆ.

ಅದಕ್ಕೇ ಹರಿಣಿ ನಾಗೇಂದ್ರ ಅವರು ಇಂಗ್ಲಿಷಿನಲ್ಲಿ ಬರೆದು 2022ರಲ್ಲಿ ಹೊರಬಂದ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಕಾದಂಬರಿ ಓದುವಾಗ ಕುಣಿದಾಡುವಂತಾಯಿತು. 1921ರ ಬೆಂಗಳೂರು. ಸೀರೆಯುಟ್ಟ, ಗಣಿತದ ಹುಚ್ಚಿನ ಕಾವೇರಿ. ಗಂಡ ರಾಮು ಬೌರಿಂಗ್ ಆಸ್ಪತ್ರೆಯ ಡಾಕ್ಟರು. ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಕೊಲೆ. ಅವಳ ಜೊತೆಗೆ ಪಕ್ಕದ್ಮನೆ ಉಮಾ ಆಂಟಿ! ಶಿವಾಜಿನಗರದ ಬಸ್ಸಿಳಿದು ಬೌರಿಂಗ್ ಮುಂದೆ ಹಾಯುವಾಗೆಲ್ಲ ಈಗ ಅನುಮಾನದಿಂದ ಗೇಟು ನೋಡುತ್ತೇನೆ.

ಕನ್ನಡ ಸಿನಿಮಾದಲ್ಲಿ 2019ರ ‘ಬೆಲ್ ಬಾಟಮ್’ ಪತ್ತೇದಾರಿಯನ್ನೂ ನಗುವನ್ನೂ ಚೆನ್ನಾಗಿ ಬೆರೆಸಿತು. ಆದರೆ ನನ್ನ ರುಚಿಗೆ ಇಂಥದ್ದು ವಾರವಾರ ಬೇಕು, ಟೀವಿಯಲ್ಲೇ ಬೇಕು. ಧಾರಾವಾಹಿ ಮಾಡುವ ಮಹಾಶಯರೇ, ಸೊಸೆಗೆ ವಿಷವಿಕ್ಕುವ ಅತ್ತೆಯರನ್ನು ಬೇಕಾದಷ್ಟು ತೋರಿಸಿದ್ದೀರಿ. ವಿಷ ಇಟ್ಟವರನ್ನು ಹಿಡಿಯುವ ಅತ್ತೆಯೊಬ್ಬಳನ್ನೂ ಕೊಡಿ.